ಜಾದೂಘರದ ಹಿಂಬಾಗಿಲು

ನಾನು ಸೇಡಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಅನುಕೂಲ, ನನಗೂ ಅನುಕೂಲ. ಕ್ಷಮಿಸುವುದು ದೊಡ್ಡ ಗುಣ ಎಂದು ಬುದ್ಧಿ ಹೇಳಲು ಬರುವವರಿಗೆ ಚಹಾ ಕೊಟ್ಟು ಕಳಿಸುತ್ತೇನೆ, ಅಷ್ಟೇ. ನನಗೆ ಯಾರು ಏನು ಮಾಡಿದರು ಎಂಬುದು ನೆನಪಿರುತ್ತದೆ. ನನ್ನ ಅಪ್ಪನಿಗೆ ಯಾರು ಏನು ಮಾಡಿದರು ಎಂಬುದು ಇನ್ನೂ ಚೆನ್ನಾಗಿ ನೆನಪಿರುತ್ತದೆ. ಹದಿನೇಳು ವರ್ಷ ನಾನು ಒಬ್ಬ ಮನುಷ್ಯನನ್ನು ಹೊಟ್ಟೆತುಂಬ ದ್ವೇಷಿಸಿದೆ. ಆಮೇಲೆ ಒಂದು ಶನಿವಾರ ಮಧ್ಯಾಹ್ನ, ನಾನು ದ್ವೇಷಿಸಿದ್ದು ತಪ್ಪು ಮನುಷ್ಯನನ್ನು ಎಂದು ಗೊತ್ತಾಯಿತು.

ಅಪ್ಪ ಕಲಬುರಗಿ ಕಡೆಯವನು. ಸಿಕಂದರಾಬಾದಿನಾಚೆ ಕುಷಾಯಿಗೂಡದ ಹತ್ತಿರದ ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ಟರ್ನರ್. ಅವನು ಲೇತ್ ಯಂತ್ರದ ಮುಂದೆ ನಿಂತರೆ ಹಿತ್ತಾಳೆಯಾಗಲಿ, ಉಕ್ಕಾಗಲಿ ಹೇಳಿದ ಮಾತು ಕೇಳುತ್ತಿತ್ತು. ಸಂಜೆ ಮನೆಗೆ ಬಂದವನೇ ಹಿಂಬಾಗಿಲ ಹೊರಗೆ, ಪಾತ್ರೆ ತಿಕ್ಕುವ ಕಟ್ಟೆಯ ಮೇಲೆ ಕೂತು ಸೀಮೆಎಣ್ಣೆ ಮತ್ತು ನಿಂಬೆಹಣ್ಣಿನಿಂದ ಕೈ ತಿಕ್ಕಿಕೊಳ್ಳುತ್ತಿದ್ದ. ಎಷ್ಟು ತಿಕ್ಕಿದರೂ ಉಗುರಿನ ಅಂಚಿನ ಕಪ್ಪು ಹೋಗುತ್ತಿರಲಿಲ್ಲ. ಅವ್ವ ಅದನ್ನು ನೋಡಿ, "ಚರ್ಮಾ ಕಿತ್ತು ಬರ್ತೈತಿ, ಬಿಡ್ರಿ ಸಾಕು" ಅನ್ನುತ್ತಿದ್ದಳು.

ನಮ್ಮ ಮನೆಗೆ ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕಾಕಾ ಬರುತ್ತಿದ್ದರು. ಕಾಕಾ ಎಂದರೆ ರಕ್ತಸಂಬಂಧವೇನೂ ಅಲ್ಲ. ಅದೇ ಕಾರ್ಖಾನೆಯಲ್ಲಿ ಅಧಿಕಾರಿ, ನಮ್ಮ ಜಿಲ್ಲೆಯವರೇ. ಆ ಒಂದು ಕಾರಣಕ್ಕೆ ಅಪ್ಪ ಅವರನ್ನು ಮನೆಯಲ್ಲಿ "ಅಣ್ಣಾ" ಎಂದು ಕರೆಯುತ್ತಿದ್ದ, ಕಾರ್ಖಾನೆಯಲ್ಲಿ "ಸಾಹೇಬ್ರ" ಅನ್ನುತ್ತಿದ್ದ. ಕಾಕಾ ಎಂದೂ ಬರಿಗೈಯಲ್ಲಿ ಬಂದವರಲ್ಲ. ಸ್ಕೂಟರಿನ ಮುಂದೆ ಒಂದು ಚೀಲ ಇರುತ್ತಿತ್ತು. ಚೀಲದಲ್ಲಿ ಕೆಟ್ಟುಹೋದ ಮಿಕ್ಸಿ, ತಿರುಗದ ಫ್ಯಾನು, ಕಾಯದ ಇಸ್ತ್ರಿ ಪೆಟ್ಟಿಗೆ ಏನಾದರೊಂದು ಇರುತ್ತಿತ್ತು. ಅವರು ಅವ್ವನ ಕೈಯ ರೊಟ್ಟಿ, ಪುಂಡಿಪಲ್ಯ ಹೊಡೆದು, ಚಹಾ ಕುಡಿದು ಮುಗಿಸುವಷ್ಟರಲ್ಲಿ ಆ ವಸ್ತು ರಿಪೇರಿಯಾಗಿರುತ್ತಿತ್ತು. ಒಂದು ಮನೆಯಲ್ಲಿ ಅಷ್ಟೊಂದು ಸಾಮಾನು ಹೇಗೆ ಕೆಡುತ್ತದೆ ಎಂದು ನಾನು ಚಿಕ್ಕವಳಿದ್ದಾಗ ಯೋಚಿಸುತ್ತಿದ್ದೆ. ಅಕ್ಕಪಕ್ಕದವರದ್ದನ್ನೂ ತರುತ್ತಾರೆ ಎಂದು ಆಮೇಲೆ ತಿಳಿಯಿತು.

ಕಾಕಾ ಒಂದು ಸಂಘದ ಸದಸ್ಯರು. ಸಿಕಂದರಾಬಾದಿನ ಕಡೆ, ಹುಣಸೆಮರಗಳ ಹಿಂದೆ, ಇಂಗ್ಲಿಷರ ಕಾಲದ ಬಂಗಲೆ ಅದು. ಒಳಗೆ ಏನು ನಡೆಯುತ್ತದೆ ಎಂದು ಹೊರಗಿನವರಿಗೆ ಹೇಳಬಾರದೆಂದು ಸದಸ್ಯರು ಆಣೆ ಮಾಡಿರುತ್ತಿದ್ದರು. ಹಾಗಾಗಿ ಸುತ್ತಲಿನ ಜನ ಅದನ್ನು ಜಾದೂಘರ್ ಅನ್ನುತ್ತಿದ್ದರು. ಅಲ್ಲಿ ತಲೆಬುರುಡೆ ಇಟ್ಟು ಪೂಜಿಸುತ್ತಾರೆ, ಹೋತದ ರಕ್ತ ಕುಡಿಯುತ್ತಾರೆ ಎಂದೆಲ್ಲ ಆಟೋದವರು ಹೇಳುತ್ತಿದ್ದರು. ಅಪ್ಪನಿಗೆ ಅಲ್ಲಿ ಏನೇನು ಇದೆಯೆಂದು ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಕಾಕಾ ಅವನನ್ನು ಅಲ್ಲಿನ ದೀಪ, ಫ್ಯಾನು, ಬೀಗ, ಹಾರ್ಮೋನಿಯಂ ಎಲ್ಲ ರಿಪೇರಿ ಮಾಡಲು ಕರೆದುಕೊಂಡು ಹೋಗುತ್ತಿದ್ದರು. ಅಡುಗೆಮನೆಯ ಪಕ್ಕದ ಹಿಂಬಾಗಿಲಿನಿಂದ ಒಳಗೆ, ಕೆಲಸ ಮುಗಿದ ಮೇಲೆ ಅದೇ ಬಾಗಿಲಿನಿಂದ ಹೊರಗೆ. ರಿಪೇರಿಗೆಂದು ಅಪ್ಪ ಒಂದು ಪೈಸೆ ಕೇಳಲಿಲ್ಲ, ಅವರಾಗಿ ಕೊಡಲೂ ಇಲ್ಲ.

ಅಪ್ಪನನ್ನು ಹಿಡಿದದ್ದು ಅಲ್ಲಿನ ಒಂದು ಮಾತು. ಸಂಘದವರು ಪರಸ್ಪರ "ಬ್ರದರ್" ಎಂದು ಕರೆಯುತ್ತಿದ್ದರು. ಡಾಕ್ಟರು, ರೈಲ್ವೆ ಗುಮಾಸ್ತ, ಬೇಗಂ ಬಜಾರಿನ ವ್ಯಾಪಾರಿ ಎಲ್ಲರೂ ಒಂದೇ ಸಾಲಿನ ಕುರ್ಚಿಯಲ್ಲಿ. ನಮ್ಮ ಕಾರ್ಖಾನೆಯಲ್ಲಿ ಅಧಿಕಾರಿಗಳ ಕ್ಯಾಂಟೀನು ಬೇರೆ, ಕಾರ್ಮಿಕರದು ಬೇರೆ. ಅಪ್ಪ ಏಣಿಯ ಮೇಲೆ ನಿಂತು ಬಲ್ಬು ಹಾಕುತ್ತ ಆ ಒಂದೇ ಸಾಲಿನ ಕುರ್ಚಿಗಳನ್ನು ನೋಡಿದ್ದಾನೆ. ಮನೆಗೆ ಬಂದು ಅವ್ವನಿಗೆ, "ಅಲ್ಲಿ ಸಾಹೇಬ ಇಲ್ಲ, ಕೂಲಿ ಇಲ್ಲ. ಬರೇ ಬ್ರದರ್ ಅಂತ. ಎಷ್ಟ ಚೆಂದ ಐತಿ ನೋಡು" ಅಂದ. ಹಾಗೆ ಏಳೆಂಟು ವರ್ಷ ಒಳಗೇ ಇಟ್ಟುಕೊಂಡು, ಕೊನೆಗೆ ಒಂದು ಭಾನುವಾರ ತಡೆಯಲಾರದೆ ಕಾಕಾನನ್ನು ಕೇಳಿಯೇಬಿಟ್ಟ: "ಅಣ್ಣಾ, ನನ್ನೂ ಸೇರಿಸಿಕೊಳ್ತಾರೇನು?"

ಕಾಕಾ ಅಪ್ಪನ ಬೆನ್ನು ತಟ್ಟಿದರು. "ಯಾಕ ಸೇರಿಸ್ಕೊಳ್ಳಂಗಿಲ್ಲೋ? ನಾನ ನಿನ್ನ ಹೆಸರು ಮುಂದ ಮಾಡ್ತೀನಿ" ಅಂದರು. ಅಂದ ಹಾಗೆಯೇ ಮಾಡಿದರು.

ಹೊಸಬರನ್ನು ಸೇರಿಸಿಕೊಳ್ಳಲು ಅಲ್ಲೊಂದು ಕ್ರಮವಿತ್ತು. ಒಂದು ಮರದ ಪೆಟ್ಟಿಗೆ, ಅದರ ಮುಂದೆ ಕೈ ತೂರುವಷ್ಟು ತೂತು. ಪ್ರತಿ ಸದಸ್ಯನ ಕೈಗೆ ಒಂದು ಬಿಳಿ ಗುಂಡು, ಒಂದು ಕಪ್ಪು ಗುಂಡು. ಯಾರಿಗೂ ಕಾಣದ ಹಾಗೆ ಒಂದನ್ನು ಪೆಟ್ಟಿಗೆಯೊಳಗೆ ಬಿಡಬೇಕು. ಎಲ್ಲ ಬಿಳಿಯಾದರೆ ಆ ಮನುಷ್ಯ ಒಳಗೆ. ಒಂದೇ ಒಂದು ಕಪ್ಪು ಬಿದ್ದರೂ ಹೊರಗೆ. ಹಾಕಿದವರು ಯಾರು ಎಂದು ಯಾರೂ ಕೇಳುವಂತಿಲ್ಲ, ಹೇಳುವಂತಿಲ್ಲ.

ಆ ಪೆಟ್ಟಿಗೆಯನ್ನೂ ಅಪ್ಪನೇ ರಿಪೇರಿ ಮಾಡಿದ್ದ. ಹಳೆಯ ಕಪ್ಪು ಗುಂಡುಗಳು ಸೀಳಿಹೋಗಿವೆ ಎಂದು ಕಾಕಾ ಹೇಳಿದ್ದಕ್ಕೆ, ಬಿಡುವಿನ ವೇಳೆಯಲ್ಲಿ ಪರಿಚಯದವರೊಬ್ಬರ ಲೇತಿನ ಮೇಲೆ ಎಬೊನೈಟ್ ಎಂಬ ಗಟ್ಟಿ ಕರಿ ರಬ್ಬರಿನಲ್ಲಿ ಹೊಸ ಗುಂಡುಗಳನ್ನು ತಿರುಗಿಸಿ ತಂದಿದ್ದ. ಅವುಗಳಿಗೆ ಹಲ್ಲುಪುಡಿ ಹಚ್ಚಿ, ಹಳೆಯ ಧೋತರದ ಚೂರಿನಿಂದ ತಿಕ್ಕಿ ಹೊಳಪು ಕೊಟ್ಟವಳು ಹನ್ನೆರಡು ವರ್ಷದ ನಾನು. ಒಂದೊಂದರ ತಳದಲ್ಲೂ ಸೂಜಿಮೊನೆಯಷ್ಟು ಒಂದು ಗುಣಿ ಉಳಿದಿತ್ತು, ಲೇತ್ ಹಿಡಿದ ಗುರುತು. "ಇದನ್ನ ತಗೀಲಿಕ್ಕೆ ಆಗೂದಿಲ್ಲೇನಪ್ಪಾ?" ಎಂದು ಕೇಳಿದ್ದೆ. "ಇರಲಿ ಬಿಡು, ನಮ್ಮ ಕೈಯಾಗಿಂದು ಅಂತ ಗುರ್ತು" ಅಂದಿದ್ದ.

ಗುಂಡು ಹಾಕುವ ದಿನ ಅಪ್ಪ ಹೊಸದಾಗಿ ಹೊಲಿಸಿದ ಕರಿ ಕೋಟು ತೊಟ್ಟುಕೊಂಡ. ಮಧ್ಯಾಹ್ನದಿಂದ ಉಗುರು ತಿಕ್ಕಿದ್ದೇ ತಿಕ್ಕಿದ್ದು. ಬಂಗಲೆಯ ಹಿಂದಿನ ವರಾಂಡದಲ್ಲಿ ಅವನನ್ನು ಕೂರಿಸಿದ್ದರಂತೆ. ಎರಡು ತಾಸಾದ ಮೇಲೆ ಕಾವಲುಗಾರ ಬಂದು, ನೀವು ಮನೆಗೆ ಹೋಗಬಹುದು ಅಂದನಂತೆ, ಅಷ್ಟೇ. ಮರುದಿನ ಭಾನುವಾರ ಬೆಳಿಗ್ಗೆ ಕಾಕಾ ಬಂದು ಅಪ್ಪನನ್ನು ತಬ್ಬಿಕೊಂಡರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನೇ ನೋಡಿದ್ದೇನೆ. "ಒಂದು ಕರೀ ಗುಂಡು ಬಿತ್ತೋ. ಒಂದ ಒಂದು. ಯಾರ ಹಾಕಿದ್ರು ಅಂತ ನಾ ಹೇಳೋಹಂಗಿಲ್ಲ, ಆಣೆ ಐತಿ" ಅಂದರು. ಆಮೇಲೆ ಚಹಾ ಹೀರುತ್ತ, ತಮಗೆ ತಾವೇ ಹೇಳಿಕೊಂಡಂತೆ, "ಶೇಠ್ ಮಾತ್ರ ನನ್ನ ಮಾರಿ ನೋಡ್ಲಿಲ್ಲ" ಅಂದರು.

ಶೇಠ್ ಎಂದರೆ ಬೇಗಂ ಬಜಾರಿನಲ್ಲಿ ಪಾತ್ರೆಪಗಡ ಮಾರುವ ವ್ಯಾಪಾರಿ, ಸಂಘದ ಸದಸ್ಯ. ನಮ್ಮ ಮನೆಯ ಕುಕ್ಕರು, ಬಿಂದಿಗೆ, ಡಬ್ಬಿಗಳೆಲ್ಲ ಅವರ ಅಂಗಡಿಯವೇ. ನಾನು ಐದನೇ ಇಯತ್ತೆ ಪಾಸಾದಾಗ ಸ್ಟೀಲಿನ ಊಟದ ಡಬ್ಬಿಯೊಂದನ್ನು ನನ್ನ ಕೈಗಿಟ್ಟು, "ಬಡೀ ಹೋಕೆ ಅಫ್ಸರ್ ಬನ್ನಾ" ಎಂದು, ದೊಡ್ಡವಳಾಗಿ ಅಧಿಕಾರಿಯಾಗು ಎಂದು ಹರಸಿ, ತಲೆ ನೇವರಿಸಿದ್ದರು. ಆ ಭಾನುವಾರದ ನಂತರ ನಮ್ಮ ಮನೆಯವರು ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಡಬ್ಬಿಯನ್ನು ನಾನು ರಸ್ತೆಯಾಚೆಯ ಮೋರಿಗೆ ಎಸೆದೆ. ಅದು ಮುಳುಗಲಿಲ್ಲ, ತೇಲಿಕೊಂಡು ಹೋಯಿತು.

ಅಪ್ಪನಿಗೆ ಬೈಯಲು ಬರುತ್ತಿರಲಿಲ್ಲ. ಅವನು ತನ್ನನ್ನೇ ಹುಡುಕಲು ಶುರು ಮಾಡಿದ. ತನ್ನಲ್ಲಿ ಏನು ಕೊರತೆ? ಮೊದಲು ತಂಬಾಕು ಬಿಟ್ಟ. ಆಮೇಲೆ ಇಂಗ್ಲಿಷ್ ಪತ್ರಿಕೆ ತರಿಸಿ, ಒಂದೊಂದೇ ಶಬ್ದ ಜೋರಾಗಿ ಓದಿ ಕಲಿತ. ಮದುವೆಮನೆಗಳಲ್ಲಿ ಗಟ್ಟಿಯಾಗಿ ನಗುವುದನ್ನು ನಿಲ್ಲಿಸಿದ. ಒಂದು ದಿನ ಅಡುಗೆಮನೆಯಲ್ಲಿ ಅವ್ವನನ್ನು ಮೆಲ್ಲಗೆ, "ನನ್ನ ಮೈ ವಾಸನಿ ಬರ್ತದೇನ? ಖರೇ ಹೇಳು" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ನನಗಿನ್ನೂ ಹದಿಮೂರು ತುಂಬಿರಲಿಲ್ಲ. ಅಂದು ಹಲ್ಲು ಕಚ್ಚಿಕೊಂಡು ಮನಸ್ಸಿನಲ್ಲೇ ಒಂದು ಪ್ರತಿಜ್ಞೆ ಮಾಡಿದೆ: ಶೇಠ್‌ನನ್ನು ನಾನು ಬಿಡುವುದಿಲ್ಲ. ಅಪ್ಪನಿಗೆ ಇನ್ನೊಂದು ಚಟ ಹತ್ತಿತು, ಯಾರಾದರೂ ಹೊಸಬರು ಎದುರಾದರೆ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನೊಳಗೆ ಸೇರಿಸಿಬಿಡುತ್ತಿದ್ದ.

ಇಷ್ಟಾದರೂ ಅವನು ಆ ಬಂಗಲೆಗೆ ಹೋಗುವುದನ್ನು ಬಿಡಲಿಲ್ಲ. ಕಾಕಾ ಕರೆದಾಗಲೆಲ್ಲ ಸ್ಕ್ರೂಡ್ರೈವರ್ ಹಿಡಿದು ಹೋದ, ಅದೇ ಹಿಂಬಾಗಿಲಿನಿಂದ. ಯಾಕಪ್ಪಾ ಎಂದು ನಾನು ಜಗಳವಾಡಿದರೆ, "ಸೇರಿಸಿಕೊಳ್ಳಲಿಲ್ಲಂತ ಸಿಟ್ಟಾಗ್ಯಾನ ಅನ್ನಬಾರದು. ಆಸೇಕ್ಕ ಬರ್ತಿದ್ದ ಅನ್ನಬಾರದು" ಅನ್ನುತ್ತಿದ್ದ. ಹೀಗೆ ಮತ್ತೆ ಹನ್ನೊಂದು ವರ್ಷ, ಮೊಣಕಾಲು ನೋವಿನಿಂದ ಏಣಿ ಹತ್ತಲಾಗದೆ ಹೋಗುವವರೆಗೆ.

ಆ ನಡುವೆ ಶೇಠ್ ತೀರಿಕೊಂಡರು. ಆಗ ನನಗೆ ಇಪ್ಪತ್ತೆರಡು. ಸುದ್ದಿ ಬಂದಾಗ ಅಪ್ಪ ಬಿಳಿ ಅಂಗಿ ಹಾಕಿಕೊಂಡು ಹೊರಟ. ನಾನು ಮುಂಬಾಗಿಲಿಗೆ ಅಡ್ಡ ನಿಂತೆ. "ನಿನ್ನ ಹೊರಗ ಹಾಕಿದವನ ಹೆಣಕ್ಕ ಕೈ ಮುಗಿಯಾಕ ಹೊಂಟೀಯೇನು? ಹೋಗಬ್ಯಾಡ" ಅಂದೆ. ಅಪ್ಪ ನನ್ನನ್ನು ನೋಡಿದ. ಅಂಗಿ ಬಿಚ್ಚಿ ಮೊಳೆಗೆ ಹಾಕಿದ. ನನಗೆ ಅಂದು ಗೆದ್ದಷ್ಟು ಸಂತೋಷವಾಗಿತ್ತು, ಅದನ್ನೇನೂ ಮುಚ್ಚಿಡುವುದಿಲ್ಲ.

ಮುಂದೆ ಊರು ಬದಲಾಯಿತು. ಪಶ್ಚಿಮದ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಎದ್ದವು. ದಿಲ್‌ಸುಖ್‌ನಗರದ ಪ್ರತಿ ಮಹಡಿಗೂ ಒಂದೊಂದು ಕಂಪ್ಯೂಟರ್ ತರಬೇತಿ ಕೇಂದ್ರ ಬಂತು. ಅಂಥದೊಂದರಲ್ಲಿ ನಾನು ಸಾಫ್ಟ್‌ವೇರ್ ಸೇರಬೇಕೆನ್ನುವವರಿಗೆ ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತಿದ್ದೆ. ಸಂದರ್ಶನದಲ್ಲಿ ಹೇಗೆ ಕೂರಬೇಕು, ಕೈಯನ್ನು ಎಲ್ಲಿಡಬೇಕು ಎಂಬುದನ್ನೂ ಕಲಿಸಬೇಕಿತ್ತು. "ಕೈ ಜೇಬಿನಲ್ಲಿ ಇಡಬೇಡಿ" ಎಂದು ಹೇಳುವಾಗಲೆಲ್ಲ ನಾನು ಬೋರ್ಡಿನ ಕಡೆ ತಿರುಗಿಬಿಡುತ್ತಿದ್ದೆ.

ಒಂದು ದಿನ ನಮ್ಮ ಕೇಂದ್ರದ ಗೋಡೆಯ ಮೇಲೆ ಬಣ್ಣದ ಕರಪತ್ರವೊಂದನ್ನು ಯಾರೋ ಅಂಟಿಸಿದ್ದರು. ಹುಣಸೆಮರಗಳ ಹಿಂದಿನ ಅದೇ ಬಂಗಲೆಯ ಚಿತ್ರ. ಸಂಘವು ಇನ್ನು ಮುಂದೆ ಸಾರ್ವಜನಿಕರಿಗೆ ತೆರೆದಿದೆ, ಶನಿವಾರ ಎಲ್ಲರೂ ಬನ್ನಿ, ನಮ್ಮಲ್ಲಿ ಯಾವ ಗುಟ್ಟೂ ಇಲ್ಲ, ಯುವ ವೃತ್ತಿಪರರಿಗೆ ವಿಶೇಷ ಸ್ವಾಗತ ಎಂದು ಬರೆದಿತ್ತು. ಸಂಗತಿ ಸರಳ. ಹಳಬರು ಒಬ್ಬೊಬ್ಬರೇ ಸಾಯುತ್ತಿದ್ದರು, ಕುರ್ಚಿಗಳು ಖಾಲಿಯಾಗಿದ್ದವು. ನನ್ನಪ್ಪನಿಗೆ ಮುಚ್ಚಿದ ಬಾಗಿಲನ್ನು ಈಗ ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡ ಯಾರಿಗಾದರೂ ತೆರೆಯಲು ಅವರು ತಯಾರಾಗಿದ್ದರು.

ಕರಪತ್ರವನ್ನು ಕಿತ್ತು ಮನೆಗೆ ತಂದೆ. ನಿವೃತ್ತನಾಗಿದ್ದ ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. "ಹೋಗೂಣೇನಪ್ಪಾ? ಮುಂದಿನ ಬಾಗಲದಿಂದ?" ಎಂದು ಕೇಳಿದೆ.

"ಬ್ಯಾಡ. ಎಲ್ಲಾರ್ನೂ ಕರ್ಯಾಕತ್ತಾರಂದ್ರ ಯಾರ್ನೂ ಕರದಂಗಲ್ಲ. ನೀ ಹೋಗಿ ನೋಡಿ ಬಾ. ಬಲಗಡೆ ಮೂರನೇ ಫ್ಯಾನ್ ಇನ್ನೂ ಸದ್ದ ಮಾಡ್ತದೇನ ನೋಡು" ಅಂದ.

ಶನಿವಾರ ನಾನು ಮುಂಬಾಗಿಲಿನಿಂದಲೇ ಒಳಗೆ ಹೋದೆ. ಮೂವತ್ತು ನಲವತ್ತು ಜನ, ಹೆಚ್ಚಿನವರು ಸಾಫ್ಟ್‌ವೇರಿನವರು, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಆಗಿನ ಅಧ್ಯಕ್ಷರು ನಗುಮುಖದ ನಡುವಯಸ್ಸಿನ ಮನುಷ್ಯ, ಯಾವುದೋ ಕಂಪನಿಯ ಮ್ಯಾನೇಜರ್ ಇರಬೇಕು. ಒಂದೊಂದೇ ವಸ್ತು ತೋರಿಸಿ ತಮಾಷೆಯಾಗಿ ವಿವರಿಸುತ್ತಿದ್ದರು. ವೇದಿಕೆಯ ಮೇಲೆ ಎತ್ತರದ ಕುರ್ಚಿಯಲ್ಲಿ, ಎದೆಯ ಮೇಲೆ ಪದಕ ಹಾಕಿಕೊಂಡು, ಸಂಘದ ಅತಿ ಹಿರಿಯ ಸದಸ್ಯರೆಂದು ಕಾಕಾನನ್ನು ಕೂರಿಸಿದ್ದರು. ನಾನು ಗುಂಪಿನ ಹಿಂದೆ ನಿಂತಿದ್ದೆ, ಅವರು ನನ್ನನ್ನು ಕಂಡಿರಲಿಲ್ಲ. ಮೂರನೇ ಫ್ಯಾನು ಸದ್ದು ಮಾಡುತ್ತಿತ್ತು.

ಅಧ್ಯಕ್ಷರು ಮರದ ಪೆಟ್ಟಿಗೆ ಎತ್ತಿ ತೋರಿಸಿದರು. ಗುಂಡುಗಳ ಕ್ರಮ ಹೇಳಿದರು. ಯಾರೋ ಒಬ್ಬಳು ಹುಡುಗಿ, ಇದು ಕ್ರೂರ ಅಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಧ್ಯಕ್ಷರು ನಕ್ಕು, ಕಪ್ಪು ಗುಂಡು ಯಾವಾಗಲೂ ದ್ವೇಷದಿಂದ ಬೀಳುವುದಿಲ್ಲ, ಒಮ್ಮೊಮ್ಮೆ ಪ್ರೀತಿಯಿಂದಲೂ ಬೀಳುತ್ತದೆ, ಒಂದು ಕತೆ ಹೇಳುತ್ತೇನೆ ಕೇಳಿ ಅಂದರು.

ಅವರು ಹೇಳಿದ ಕತೆ ಇದು. ಹಿಂದೆ ಕಾರ್ಖಾನೆಯ ಕೆಲಸಗಾರನೊಬ್ಬ ಈ ಬಂಗಲೆಯ ಎಲ್ಲ ರಿಪೇರಿಯನ್ನೂ ಪುಕ್ಕಟೆ ಮಾಡುತ್ತಿದ್ದ. ಚಿನ್ನದಂಥ ಕೈ. ಅವನಿಗೆ ಸದಸ್ಯನಾಗುವ ಆಸೆಯಾಯಿತು. ಆದರೆ ಸಂಘದ ನಿಯಮದಲ್ಲಿ ಬ್ರದರ್ ಆದವನಿಗೆ ಆಳಿನ ಕೆಲಸ ಹೇಳುವಂತಿಲ್ಲ, ಅವನು ಎಲ್ಲರ ಸಾಲಿನಲ್ಲಿ ಕುರ್ಚಿಯಲ್ಲೇ ಕೂರಬೇಕು. ಆಗ ಏಣಿ ಹತ್ತುವವರು ಯಾರು? ಅವನ ಮುಖಕ್ಕೆ ಇಲ್ಲ ಅನ್ನಲಾಗದೆ ನಮ್ಮ ಒಬ್ಬ ಬ್ರದರ್ ತಾವೇ ಅವನ ಹೆಸರು ಸೂಚಿಸಿದರು, ತಾವೇ ಕಪ್ಪು ಗುಂಡನ್ನೂ ಹಾಕಿದರು. ಒಬ್ಬ ಪಾತ್ರೆ ವ್ಯಾಪಾರಿ ಎದ್ದು ನಿಂತು, ಇದು ಅನ್ಯಾಯ, ಮತ್ತೊಮ್ಮೆ ಹಾಕಿಸಿ ಎಂದು ಗಲಾಟೆ ಮಾಡಿದರಂತೆ. ಮತ್ತೊಮ್ಮೆ ಹಾಕಿಸಿದರು. ಮತ್ತೆ ಒಂದು ಕಪ್ಪು. ಆ ವ್ಯಾಪಾರಿ ಸಿಟ್ಟಾಗಿ ಆರು ತಿಂಗಳು ಇತ್ತ ಬರಲಿಲ್ಲ. ಆದರೆ ನೋಡಿ, ಆ ಒಂದು ಗುಂಡಿನಿಂದ ನಮ್ಮ ದೀಪಗಳು ಇನ್ನೂ ಹನ್ನೊಂದು ವರ್ಷ ಉರಿದವು. ಆ ಜಾಣ ಬ್ರದರ್ ಇಲ್ಲೇ ಇದ್ದಾರೆ, ಕಳೆದ ತಿಂಗಳು ಊಟದ ಹೊತ್ತಿನಲ್ಲಿ ಅವರೇ ನಮಗೆ ಹೇಳಿದ್ದು.

ಹೀಗೆಂದು ಅವರು ಕಾಕಾನ ಕಡೆ ಕೈ ತೋರಿಸಿದರು. ಜನ ನಕ್ಕು ಚಪ್ಪಾಳೆ ತಟ್ಟಿದರು. ಕಾಕಾ ಸಂಕೋಚದಿಂದ ತಲೆ ಆಡಿಸುತ್ತ ಎಲ್ಲರ ಮುಖ ನೋಡುತ್ತಿದ್ದರು, ಕಣ್ಣು ನನ್ನ ಮುಖಕ್ಕೆ ಬಂದು ನಿಂತಿತು. ಅವರ ನಗು ಇಳಿದದ್ದನ್ನು ನಾನು ಪೂರ್ತಿ ನೋಡಿದೆ.

ಹದಿನೇಳು ವರ್ಷದಿಂದ ಪ್ರತಿ ಭಾನುವಾರ ನಾನೇ ಈ ಮನುಷ್ಯನಿಗೆ ಚಹಾ ತಂದುಕೊಟ್ಟಿದ್ದೆ. ಸಕ್ಕರೆ ಎರಡು ಚಮಚ.

ಅಧ್ಯಕ್ಷರಿಗೆ ಇದಾವುದೂ ಗೊತ್ತಿಲ್ಲ. ಈಗ ನೀವೇ ಹಾಕಿ ನೋಡಿ, ನಮ್ಮ ಹಿರಿಯರನ್ನೇ ಹೊಸ ಅಭ್ಯರ್ಥಿ ಅಂದುಕೊಳ್ಳಿ ಎಂದು ಬಂದವರ ಕೈಗೆಲ್ಲ ಒಂದೊಂದು ಬಿಳಿ, ಒಂದೊಂದು ಕಪ್ಪು ಗುಂಡು ಹಂಚಿದರು. ಗುಂಡುಗಳು ಸಾಲದೆ ಹತ್ತಿಪ್ಪತ್ತು ಜನಕ್ಕೇ ಮುಗಿದವು. ನಾನು ಮುಂದೆ ನುಗ್ಗಿ ನನ್ನ ಪಾಲಿನದು ತೆಗೆದುಕೊಂಡೆ. ಕಪ್ಪು ಗುಂಡಿನ ತಳವನ್ನು ಬೆರಳಿನಿಂದ ಸವರಿದೆ. ಸೂಜಿಮೊನೆಯ ಗುಣಿ ಸಿಕ್ಕಿತು. ಅಪ್ಪನನ್ನು ಅವನೇ ಮಾಡಿದ ಗುಂಡಿನಿಂದ ಹೊಡೆದಿದ್ದರು, ಅದೂ ಎರಡು ಸಲ.

ನನ್ನ ಸರದಿ ಬಂದಾಗ ಕೈ ತೂರಿಸಿ ಕಪ್ಪನ್ನೇ ಬಿಟ್ಟೆ. ಅಧ್ಯಕ್ಷರು ಕೆಳಗಿನ ಡ್ರಾಯರ್ ಎಳೆದರು. ಬಿಳಿಯ ನಡುವೆ ಒಂದು ಕಪ್ಪು. ಹುಡುಗರು ಹೋ ಎಂದು ನಕ್ಕರು. ನಿಯಮ ನಿಯಮವೇ, ಹೊರಗೆ ಹೋಗಬೇಕು ಎಂದು ಒಬ್ಬ ಕೂಗಿದ, ಉಳಿದವರೂ ದನಿಗೂಡಿಸಿದರು. ಅವರಿಗೆ ಆಟ. ಅಧ್ಯಕ್ಷರೂ ನಗುತ್ತ ಹಿಂದಿನ ವರಾಂಡದ ಬಾಗಿಲು ತೆರೆದು ಹಿಡಿದರು. ಕಾಕಾ ಪದಕ ಸರಿಮಾಡಿಕೊಂಡು ಎದ್ದು, ಯಾರನ್ನೂ ನೋಡದೆ ಹೊರಗೆ ಹೋದರು. ನಾನು ಡ್ರಾಯರಿನಿಂದ ಆ ಕಪ್ಪು ಗುಂಡನ್ನು ಎತ್ತಿ ಕೈಚೀಲಕ್ಕೆ ಹಾಕಿಕೊಂಡು ಹಿಂದೆಯೇ ಹೋದೆ. ಕಳವು ಅನ್ನುವವರು ಅನ್ನಲಿ, ಅದು ನಮ್ಮ ಮನೆಯದು.

ಅಪ್ಪ ಅಂದು ಕೂತಿದ್ದ ಬೆಂಚೇ ಇರಬೇಕು, ಕಾಕಾ ಅದರ ಮೇಲೆ ಕೂತಿದ್ದರು.

"ಮಗಳ, ಅದು ಹಂಗಲ್ಲ" ಎಂದು ಶುರು ಮಾಡಿದರು.

"ನಾಳೆ ಐತವಾರ. ಯಾವಾಗಲೂ ಬರೂ ಹಂಗ ಬರ್ರಿ. ಅಪ್ಪಗ ನೀವ ಹೇಳ್ರಿ. ಹೇಳಲಿಲ್ಲಂದ್ರ ನಾ ಹೇಳ್ತೀನಿ" ಅಂದೆ.

"ಈ ವಯಸ್ಸಿನಾಗ ಅವಂಗ ಯಾಕ ನೋವು ಕೊಡ್ತಿ? ನನ್ನ ಬಿಟ್ರ ಅವಂಗ ಯಾರ ಅದಾರ?"

ಅದು ನಿಜವಾಗಿತ್ತು. ಅಪ್ಪನಿಗೆ ಬೇರೆ ಗೆಳೆಯರಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. "ಐತವಾರ, ಹತ್ತ ಗಂಟೆಕ್ಕ" ಎಂದಷ್ಟೇ ಹೇಳಿ ಬಂದೆ.

ಆ ಸಂಜೆ ಅಪ್ಪ ಮೊದಲು ಕೇಳಿದ್ದು ಫ್ಯಾನಿನ ವಿಷಯ. ಸದ್ದು ಮಾಡುತ್ತದೆ ಅಂದೆ. "ಅದರ ಬೇರಿಂಗ್ ಹೋಗೈತಿ. ಅಣ್ಣಗ ಹೇಳತೀನಿ" ಅಂದ. ಹೇಳಿಬಿಡಲೇ ಎಂದು ನಾಲಿಗೆ ತುದಿಯವರೆಗೆ ಬಂತು. ತಡೆದುಕೊಂಡೆ. ದಯೆಯಿಂದ ತಡೆದುಕೊಂಡದ್ದಲ್ಲ, ಕಾಕಾನ ಬಾಯಿಂದಲೇ ಅದು ಬರಬೇಕಿತ್ತು.

ಕಾಕಾ ಬಂದರು. ಬರಲಾರರು ಅಂದುಕೊಂಡಿದ್ದೆ, ಆದರೆ ಬರದಿದ್ದರೆ ಏನಾಗುತ್ತದೆಂದು ಅವರಿಗೂ ಗೊತ್ತಿತ್ತು. ಅವತ್ತೂ ಚೀಲ ತಂದಿದ್ದರು, ಚೀಲದಲ್ಲಿ ಟೇಬಲ್ ಫ್ಯಾನು. ಇದನ್ನು ಬರೆಯುವಾಗಲೂ ನನಗೆ ಆ ಚೀಲದ ಮೇಲೆ ಆಶ್ಚರ್ಯ. ಹಿಂದಿನ ದಿನ ಅಷ್ಟಾದ ಮೇಲೂ ಮನೆಯಲ್ಲಿ ಹುಡುಕಿ, ಕೆಟ್ಟದ್ದೊಂದನ್ನು ತಂದಿದ್ದರು.

ಅಪ್ಪ ನೆಲದ ಮೇಲೆ ಪೇಪರ್ ಹಾಸಿ ಫ್ಯಾನು ಬಿಚ್ಚಿದ. ಕಾಕಾ ಸಕ್ಕರೆ ರೋಗದ ಬಗ್ಗೆ ಮಾತಾಡಿದರು, ಜಮೀನಿನ ಬೆಲೆ ಏರಿದ ಬಗ್ಗೆ ಮಾತಾಡಿದರು. ಅರ್ಧ ಗಂಟೆ ಕಾದೆ. ಆಮೇಲೆ ಚಹಾ ತಂದೆ. ಅವರ ಬಸಿಯಲ್ಲಿ, ಬಿಸ್ಕಿಟು ಇಡುವ ಜಾಗದಲ್ಲಿ, ಆ ಕಪ್ಪು ಗುಂಡನ್ನು ಇಟ್ಟಿದ್ದೆ.

ಗುಂಡು ಬಸಿಯ ಅಂಚಿಗೆ ತಾಗಿ ಟಣ್ ಅಂದಿತು. ಅಪ್ಪ ತಲೆಯೆತ್ತಿ ನೋಡಿದ. ಎದ್ದು ಬಂದು ಅದನ್ನು ಎತ್ತಿಕೊಂಡ. ಹೆಬ್ಬೆರಳಿನಿಂದ ತಳ ಸವರಿದ.

"ಇದು ನಾ ಮಾಡಿದ್ದು. ಇಲ್ಲಿ ಹೆಂಗ ಬಂತು?"

"ಕಾಕಾನ್ನ ಕೇಳಪ್ಪಾ" ಅಂದೆ.

ಕಾಕಾ ಚಹಾದ ಕಪ್ಪನ್ನು ಕೆಳಗಿಟ್ಟರು. ಆಮೇಲೆ ಹೇಳಿದರು. ಪೂರ್ತಿ ಹೇಳಿದರು, ಶೇಠ್ ಎದ್ದು ನಿಂತದ್ದನ್ನೂ ಹೇಳಿದರು, ಏಕೆಂದರೆ ನಾನು ಎದುರಿಗೇ ನಿಂತಿದ್ದೆ. ಕೊನೆಗೆ, ಹೊಗಳಿದ ಹಾಗೆ, "ನಿನ್ನ ಬಿಟ್ರ ಆ ಬಂಗಲೇದಾಗ ಒಂದ ದೀಪಾ ಹತ್ತತಿದ್ದಿಲ್ಲೋ. ನಿನ್ನ ಕೈ ಅಂಥಾದ್ದು" ಅಂದರು.

ಅಪ್ಪ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ಉಗುರುಗಳನ್ನು ನೋಡಿಕೊಂಡ. ಬಾಗಿಲ ಬಳಿ ನಿಂತಿದ್ದ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅಪ್ಪ ಮತ್ತೆ ನೆಲದ ಮೇಲೆ ಕೂತು ಫ್ಯಾನಿನ ಕೆಲಸ ಮುಂದುವರಿಸಿದ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಇಷ್ಟು ಕೇಳಿಯೂ ಅವನ ಫ್ಯಾನು ರಿಪೇರಿ ಮಾಡುತ್ತೀಯಾ ಎಂದು ಕೂಗಬೇಕೆನಿಸಿತು.

ಕೆಲಸ ಮುಗಿಯಿತು. ಅಪ್ಪ ಪ್ಲಗ್ ಹಾಕಿ ತಿರುಗಿಸಿ ನೋಡಿದ, ಧೂಳು ಒರೆಸಿದ. ಫ್ಯಾನು ಎತ್ತಿಕೊಂಡು, ಕಾಕಾ ಕೂತಿದ್ದ ಕೋಣೆ ದಾಟಿ, ಅಡುಗೆಮನೆಯೊಳಗಿಂದ ಹೋಗಿ, ಹಿಂಬಾಗಿಲು ತೆರೆದು, ಪಾತ್ರೆ ತಿಕ್ಕುವ ಕಟ್ಟೆಯ ಮೇಲೆ ಇಟ್ಟ. ಅಲ್ಲಿಂದಲೇ ಹೇಳಿದ:

"ಸಾಹೇಬ್ರ, ನಿಮ್ಮ ಸಾಮಾನ ಇಲ್ಲಿ ಐತಿ. ಇನ್ನ ಮ್ಯಾಲೆ ರಿಪೇರಿ ಇದ್ರ ಈ ಬಾಗಲಕ್ಕ ಬರ್ರಿ. ಕೆಲಸಾ ಮಾಡಿ ಕೊಡತೀನಿ."

ನಮ್ಮ ಮನೆಯಲ್ಲಿ ಅವರಿಗೆ "ಸಾಹೇಬ್ರ" ಅಂದದ್ದು ಅದೇ ಮೊದಲು. ಕಾಕಾ ಚಪ್ಪಲಿಯನ್ನು ಮುಂಬಾಗಿಲಲ್ಲಿ ಬಿಟ್ಟಿದ್ದರು. ಬರಿಗಾಲಿನಲ್ಲಿ ಹಿಂದಿನ ಒದ್ದೆ ನೆಲ ತುಳಿದು, ಫ್ಯಾನು ಹೊತ್ತುಕೊಂಡು, ಮನೆ ಸುತ್ತಿಕೊಂಡು ಮುಂದೆ ಬಂದು ಚಪ್ಪಲಿ ಮೆಟ್ಟಿದರು. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಹೊಟ್ಟೆ ತಣ್ಣಗಾಯಿತು.

ತಿಂಗಳ ಮೇಲೆ ಅವರು ಮತ್ತೆ ಬಂದರು, ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡು, ಹಿಂಬಾಗಿಲಿಗೇ. ಕ್ಷಮೆ ಕೇಳಲು ಒಂದು ನೆಪ ಬೇಕಾಗಿತ್ತೋ, ನಿಜವಾಗಿ ಇಸ್ತ್ರಿಯೇ ಬೇಕಾಗಿತ್ತೋ ನನಗೆ ಗೊತ್ತಿಲ್ಲ. ಅಪ್ಪ ಕೆಲಸ ಮಾಡಿಕೊಟ್ಟ, ಒಳಗೆ ಕರೆಯಲಿಲ್ಲ. ನಾನು ಅಪ್ಪನಿಗೂ ನನಗೂ ಚಹಾ ಮಾಡಿ, ಅವರಿಗೆ ಕಾಣುವ ಹಾಗೆ ಅಡುಗೆಮನೆಯಲ್ಲಿ ಕೂತು ಕುಡಿದೆ. ಅಷ್ಟು ರುಚಿಯಾದ ಚಹಾ ನಾನು ಮತ್ತೆ ಮಾಡಿಲ್ಲ.

ಅವರು ಹೋದ ಮೇಲೆ ಅಪ್ಪ ಸೀಮೆಎಣ್ಣೆಯಿಂದ ಕೈ ತೊಳೆಯುತ್ತ ಹೇಳಿದ, "ಶೇಠ್ ನನ್ನ ಸಲುವಾಗಿ ಎದ್ದು ನಿಂತಿದ್ನಂತ."

"ಹೂಂ."

"ಅವ ಸತ್ತಾಗ ನಾ ಹೋಗಲಿಲ್ಲ."

ಅಡ್ಡ ನಿಂತವಳು ನೀನು ಎಂದು ಅವನು ಅನ್ನಲಿಲ್ಲ. ಅಂದಿದ್ದರೆ ನಾನು ಏನಾದರೂ ಉತ್ತರ ಕೊಡುತ್ತಿದ್ದೆ. ಕಾಕಾ ಹೇಳಿದರು ಎಂದು ಹೇಳುತ್ತಿದ್ದೆ, ನಾನು ಚಿಕ್ಕವಳಿದ್ದೆ ಎಂದು ಹೇಳುತ್ತಿದ್ದೆ. ಅವನು ಉಗುರು ತಿಕ್ಕುತ್ತಿದ್ದ.

ಮರುದಿನ ಅವನು ಅದೇ ಹಳೆಯ ಬಿಳಿ ಅಂಗಿ ಹಾಕಿಕೊಂಡು, "ಬರ್ತೀಯೇನು?" ಎಂದ. ಬಸ್ಸಿನಲ್ಲಿ ಬೇಗಂ ಬಜಾರಿಗೆ ಹೋದೆವು. ಅಂಗಡಿ ಅಲ್ಲೇ ಇತ್ತು, ಬಾಗಿಲಿನ ತನಕ ಪಾತ್ರೆಗಳ ಗೋಪುರ. ಗಲ್ಲಾಪೆಟ್ಟಿಗೆಯ ಹಿಂದೆ ಶೇಠ್‌ರ ಮಗ, ತಂದೆಯದೇ ಮುಖ. ಗೋಡೆಯ ಮೇಲೆ ಶೇಠ್‌ರ ಫೋಟೋ, ಹಾರ ಹಾಕಿತ್ತು. ನಾನು ಮೆಟ್ಟಿಲ ಕೆಳಗೇ ನಿಂತೆ. ಇದೇ ಮೆಟ್ಟಿಲು ಹತ್ತಬಾರದೆಂದು ಮನೆಯವರಿಗೆಲ್ಲ ನಾನೇ ಕಾವಲಿದ್ದೆ.

ಅಪ್ಪ ಒಬ್ಬನೇ ಹತ್ತಿ ಹೋಗಿ ಫೋಟೋದ ಮುಂದೆ ನಿಂತ. ಮಗ, "ಕ್ಯಾ ಹೋನಾ ಸಾಬ್?" ಎಂದು ಕೇಳಿದ. ಅಪ್ಪ ಜೇಬಿನಿಂದ ಎರಡೂ ಕೈ ತೆಗೆದು, ಉಗುರಿನ ಕಪ್ಪು ಕಾಣುವ ಹಾಗೆಯೇ ಜೋಡಿಸಿದ.

"ಕುಛ್ ನಹೀ ಬೇಟಾ. ತುಮ್ಹಾರೇ ಪಿತಾಜಿ ಮೇರೇ ಬ್ರದರ್ ಥೇ" ಅಂದ.

ಮಗ ಎದ್ದು ನಿಂತು ಅಪ್ಪನಿಗೆ ತನ್ನ ಪಕ್ಕದ ಕುರ್ಚಿ ಎಳೆದುಕೊಟ್ಟ. ಕೆಳಗೆ ನಿಂತಿದ್ದ ನನ್ನನ್ನು ನೋಡಿ, ಅವರೂ ನಿಮ್ಮ ಜೊತೆಯವರೇ ಎಂದು ಕೇಳಿದ. ಅಪ್ಪ ತಿರುಗಿ ನೋಡಿ ಹೌದು ಅಂದ. ಆದರೆ ಒಳಗೆ ಬಾ ಎಂದು ನನ್ನನ್ನು ಕರೆಯಲಿಲ್ಲ, ಕರೆಯಲಿ ಎಂದು ನಾನೂ ಕಾಯಲಿಲ್ಲ. ಅವನು ಮಾತು ಮುಗಿಸಿ ಇಳಿದು ಬರುವವರೆಗೂ ಬಿಸಿಲಿನಲ್ಲಿ ಅಲ್ಲೇ ನಿಂತಿದ್ದೆ.